ದುಂಡು ಮೇಜಿನ ಊಟಕ್ಕೆ ನೆಂಟರು ಕರೆದಾಗ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ರಜೆಯಲ್ಲಿ ಹೊರದೇಶದ ನೆಂಟರ ಮನೆಗೆ ಹೋಗುವುದು, ಅವರು ಒಂದು ಸಂಜೆ ಎಲ್ಲರನ್ನೂ ಚೈನೀಸ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗುವುದು. ನನಗೆ ತುಂಬ ಇಷ್ಟವಾದ ವಿಷಯ ಇದು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನ ನಾದಿನಿಯ ಸಂಸಾರ ವಿದೇಶದಲ್ಲಿದೆ. ಮುಂದಿನ ತಿಂಗಳು ನಾವು ಅಲ್ಲಿಗೆ ಹೋಗುತ್ತಿದ್ದೇವೆ. ಅವರಿಗೆ ಇಷ್ಟವಾದ ಚೈನೀಸ್ ರೆಸ್ಟೋರೆಂಟಿನಲ್ಲಿ ಹತ್ತು ಜನರಿಗೆ ಈಗಲೇ ಮೇಜು ಹೇಳಿಟ್ಟಿದ್ದಾರಂತೆ. ಅಂಥ ಕಡೆ ನಾನು ಕೂತು ಉಂಡವಳಲ್ಲ. ಅಷ್ಟು ಪ್ರೀತಿಯಿಂದ ಕರೆದವರ ಮುಂದೆ ಮುದುರಿಕೊಂಡು ಕೂರಬಾರದು, ನಿಜವಾಗಿ ಖುಷಿಪಡಬೇಕು ಅಂತ ಆಸೆ. ಏನು ತಿಳಿದುಕೊಂಡು ಹೋಗಲಿ?

ಮೆನು ನೋಡಿ ನಿಮ್ಮ ಪಾಲಿನದನ್ನು ನೀವೇ ಹುಡುಕಿಕೊಳ್ಳಬೇಕು ಅನ್ನುವ ಚಿಂತೆಯನ್ನು ಮೊದಲು ಬಿಡಿ. ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ ಬಂದು ಕೂರುವ ಊಟ ಅಲ್ಲ ಇದು. ಬಂದದ್ದೆಲ್ಲ ಮೇಜಿನ ನಡುವೆ ಇರುತ್ತದೆ, ಎಲ್ಲರೂ ಅದರಿಂದಲೇ ಬಡಿಸಿಕೊಳ್ಳುತ್ತಾರೆ. ಚೈನೀಸ್ ಊಟದ ಸೊಗಸೆಲ್ಲ ಇರುವುದು ಇಲ್ಲೇ. ಇಬ್ಬರೇ ಹೋದರೆ ಎರಡು ಮೂರು ಬಗೆ ತಿನ್ನಬಹುದು. ಹತ್ತು ಜನ ಹೋದರೆ ಹತ್ತು ಹನ್ನೊಂದು ಬಗೆ. ನಿಮ್ಮ ನಾದಿನಿ ದೊಡ್ಡ ಮೇಜು ಹೇಳಿದ್ದಾರೆ ಅಂದರೆ ಈ ಊಟ ಬಲ್ಲವರೇ.

ಮೆನು ನಿಮ್ಮ ಕೈಗೆ ಕೊಟ್ಟು "ಏನು ಬೇಕು ಹೇಳಿ" ಅಂತಾರೆ. ಆಗ "ಏನಾದ್ರೂ ಸರಿ" ಅನ್ನಬೇಡಿ. ಕರೆದವರಿಗೆ ಅದರಿಂದ ಕಷ್ಟವೇ ಜಾಸ್ತಿ. "ನೀವು ಇಲ್ಲಿಗೆ ಬಂದಾಗೆಲ್ಲ ಏನು ತರಿಸ್ತೀರಿ? ಅದನ್ನೇ ತರಿಸಿ, ನನಗೂ ರುಚಿ ನೋಡಬೇಕು" ಅನ್ನಿ. ತಿನ್ನಲಾಗದ್ದು ಏನಾದರೂ ಇದ್ದರೆ ಅದನ್ನೂ ಆಗಲೇ ಹೇಳಿಬಿಡಿ. ಮಿಕ್ಕಿದ್ದು ಅವರಿಗೆ ಬಿಡಿ. ಒಂದು ಆವಿಯಲ್ಲಿ ಬೇಯಿಸಿದ್ದು, ಒಂದು ಗರಿಗರಿ ಕರಿದದ್ದು, ಒಂದು ಸೊಪ್ಪು, ಒಂದು ತೋಫು (ಸೋಯಾ ಪನೀರ್), ಒಂದು ಸೂಪ್, ಒಂದು ಖಾರದ್ದು, ಹೀಗೆ ಬೇರೆ ಬೇರೆ ಬಗೆ ಬಂದರೆ ಮೇಜು ತುಂಬಿದ ಹಾಗೆ. ಒಳ್ಳೆ ಆರ್ಡರ್ ಅಂದರೆ ಅದೇ. ನಾಲ್ಕು ಬಗೆ ಕರಿದದ್ದು ತರಿಸಿದರೆ ಅರ್ಧ ಗಂಟೆಯಲ್ಲಿ ನಾಲಿಗೆ ಸೋತುಹೋಗುತ್ತದೆ.

ಕೂರುವ ಜಾಗಕ್ಕೂ ಒಂದು ಲೆಕ್ಕ ಇದೆ. ಬಾಗಿಲಿಗೆ ಮುಖ ಮಾಡಿರುವ, ಒಳಗಿನ ಕುರ್ಚಿ ಹಿರಿಯರಿಗೆ ಅಥವಾ ಮುಖ್ಯ ಅತಿಥಿಗೆ. ನಿಮ್ಮನ್ನು ಅಲ್ಲಿ ಕೂರಿಸಿದರೆ "ಅಯ್ಯೋ ಬೇಡ ಬೇಡ" ಅಂತ ಎಳೆದಾಡದೆ ಕೂತುಬಿಡಿ. ಅವರು ಯೋಚಿಸಿಯೇ ಆ ಕುರ್ಚಿ ತೋರಿಸಿರುತ್ತಾರೆ.

ಕೂತ ಕೂಡಲೇ ಚಹಾ ಬರುತ್ತದೆ. ಹಾಲು, ಸಕ್ಕರೆ ಇರುವುದಿಲ್ಲ. ಮಲ್ಲಿಗೆ ಪರಿಮಳದ್ದು, ಸೇವಂತಿಗೆಯದು, ಕಪ್ಪಗೆ ಮಣ್ಣಿನ ವಾಸನೆಯ ಪೂ-ಅರ್, ಇವುಗಳಲ್ಲಿ ಯಾವುದು ಬೇಕು ಅಂತ ಕೆಲವೆಡೆ ಕೇಳುತ್ತಾರೆ. ಎಣ್ಣೆ ಜಾಸ್ತಿ ಇರುವ ಊಟಕ್ಕೆ ಪೂ-ಅರ್ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅನುಭವ. ಪಾಟ್ ಕೈಗೆ ಬಂದರೆ ಪಕ್ಕದವರ ಲೋಟಕ್ಕೆ ಮೊದಲು ಹಾಕಿ, ನಿಮ್ಮದಕ್ಕೆ ಕೊನೆಗೆ. ಖಾಲಿಯಾದರೆ ವೇಟರನ್ನು ಕೂಗುವುದು ಬೇಡ. ಪಾಟ್‌ನ ಮುಚ್ಚಳವನ್ನು ಓರೆಯಾಗಿ ತೆರೆದಿಟ್ಟರೆ ಸಾಕು, ಬಿಸಿನೀರು ತುಂಬಿಸಿಕೊಂಡು ಬರುತ್ತಾರೆ. ಯಾರಾದರೂ ಚಹಾ ಹಾಕಿದಾಗ ಕೆಲವರು ಎರಡು ಬೆರಳಿಂದ ಮೇಜನ್ನು ಮೆಲ್ಲಗೆ ತಟ್ಟುವುದನ್ನೂ ನೋಡುತ್ತೀರಿ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಕ್ಯಾಂಟನೀಸರು ಥ್ಯಾಂಕ್ಸ್ ಹೇಳುವ ರೀತಿ ಅದು. ಬಾಯಲ್ಲಿ ತುತ್ತಿದ್ದರೂ ಹೇಳಬಹುದು, ಮಾತೂ ನಿಲ್ಲುವುದಿಲ್ಲ. ಅದಕ್ಕೊಂದು ಕಥೆ ಇದೆ: ಚೀನಾದ ಚಿಯಾನ್‌ಲಾಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುವಾಗ ಸೇವಕನಿಗೆ ತಾನೇ ಚಹಾ ಹಾಕಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೆ ಸೇವಕ ಬೆರಳು ಮಡಚಿ ಮೇಜು ತಟ್ಟಿದನಂತೆ. ದಂತಕಥೆ ಇರಬಹುದು, ಆದರೆ ಆ ಸಣ್ಣ ಟಕಟಕ ಶಬ್ದ ನನಗೆ ತುಂಬ ಇಷ್ಟ.

ಇನ್ನು ದುಂಡು ಮೇಜಿನ ನಡುವೆ ಬಗೆಗಳನ್ನೆಲ್ಲ ಇಡುವ ಆ ತಿರುಗುವ ಗಾಜಿನ ಹಲಗೆ. ಅದು ಬಹಳ ಹಳೆಯ ಚೀನೀ ಪದ್ಧತಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಈಗಿನ ಮಲೇಷ್ಯಾದ ಪೆನಾಂಗ್‌ನಲ್ಲಿ ಹುಟ್ಟಿದ ಡಾಕ್ಟರ್ ವೂ ಲಿಯೆನ್-ತೆ ಅಂತ ಒಬ್ಬರಿದ್ದರು. 1910-11ರಲ್ಲಿ ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ಪ್ಲೇಗ್ ತಡೆಯಲು ಹೋರಾಡಿದವರು. ಎಲ್ಲರೂ ತಮ್ಮ ತಮ್ಮ ಚಾಪ್‌ಸ್ಟಿಕ್ಕನ್ನು ಒಂದೇ ಪಾತ್ರೆಗೆ ಹಾಕಿದರೆ ಕಾಯಿಲೆ ಹರಡುತ್ತದೆ ಅಂತ ಅವರಿಗೆ ಚಿಂತೆ. ನಡುವೆ ತಿರುಗುವ ತಟ್ಟೆ ಇರಲಿ, ಬಡಿಸಿಕೊಳ್ಳಲು ಬೇರೆ ಚಮಚ, ಬೇರೆ ಚಾಪ್‌ಸ್ಟಿಕ್ ಇರಲಿ ಅಂತ 1915ರಲ್ಲಿ ಬರೆದರು. ಮುಂದೆ 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನ ಹೋಟೆಲುಗಳಿಂದ ಈ ಹಲಗೆ ಹೆಸರುವಾಸಿಯಾಯಿತು. ನೀವು ಪಾಲಿಸಬೇಕಾದ್ದು ಇಷ್ಟೇ: ಯಾರಾದರೂ ಬಡಿಸಿಕೊಳ್ಳುತ್ತಿರುವಾಗ ತಿರುಗಿಸಬೇಡಿ, ಜೋರಾಗಿ ತಿರುಗಿಸಬೇಡಿ, ಬಡಿಸುವ ಚಮಚವನ್ನು ಬಾಯಿಗೆ ತರಬೇಡಿ. ಒಂದು ಸುತ್ತಿಗೆ ಎರಡು ತುತ್ತಿನಷ್ಟೇ ಹಾಕಿಕೊಳ್ಳಿ. ಅದು ಮತ್ತೆ ನಿಮ್ಮ ಮುಂದೆ ಬರುತ್ತದೆ.

ಆತುರ ಮಾಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ದೊಡ್ಡ ಊಟದಲ್ಲಿ ತಣ್ಣನೆಯ ಬಗೆಗಳು ಮೊದಲು, ಮೀನು ಕೊನೆಕೊನೆಗೆ, ಅನ್ನ ಅಥವಾ ನೂಡಲ್ಸ್ ಅದಕ್ಕೂ ಆಮೇಲೆ ಬರುವುದುಂಟು. ಮೊದಲ ಮೂರು ಬಗೆಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಒಳ್ಳೆಯದೆಲ್ಲ ಸುಮ್ನೆ ಎದುರಿಗೆ ಸುತ್ತುತ್ತಿರುತ್ತದೆ.

ಆ ಮೀನಿನ ಬಗ್ಗೆ ಹೇಳಲೇಬೇಕು. ನನ್ನ ಚಿಕ್ಕಮ್ಮನ ಮಗ ಕೆನಡಾದ ರಿಚ್ಮಂಡ್‌ನಲ್ಲಿದ್ದಾನೆ, ವ್ಯಾಂಕೂವರ್ ಪಕ್ಕದ ಊರು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚೀನೀ ಮೂಲದವರು. ಆದ್ದರಿಂದ ಅಲ್ಲಿನ ಅಡುಗೆಯವರಿಗೆ ರುಚಿ ಬಲ್ಲ ಗಿರಾಕಿಗಳೇ ಜಾಸ್ತಿ. ಅವನು ನಮ್ಮನ್ನು ಕರೆದುಕೊಂಡು ಹೋದ ಕಡೆ, ಅಡುಗೆಗೆ ಮೊದಲು ವೇಟರ್ ಒಂದು ಬಕೆಟ್ಟಿನಲ್ಲಿ ಜೀವಂತ ಮೀನನ್ನು ಮೇಜಿನ ಹತ್ತಿರ ತಂದು ತೋರಿಸಿದರು. ಅವನು ಬಗ್ಗಿ ನೋಡಿ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಅದೇ ಮೀನು ಇಡಿಯಾಗಿ ಆವಿಯಲ್ಲಿ ಬೆಂದು ಬಂತು. ಮೇಲೆ ದಾರದ ಹಾಗೆ ಸೀಳಿದ ಶುಂಠಿ, ಈರುಳ್ಳಿ ಹೂವು, ಅದರ ಮೇಲೆ ಸುರಿದ ಕಾದ ಎಣ್ಣೆ ಇನ್ನೂ ಚಿಟಪಟ ಅನ್ನುತ್ತಿತ್ತು. ತಳದಲ್ಲಿ ತೆಳುವಾದ ಸೋಯಾ ರಸ. ಮೀನಿನ ತಲೆ ನಮ್ಮ ಚಿಕ್ಕಪ್ಪನ ಕಡೆಗೆ ಇರುವಂತೆ ಇಟ್ಟರು, ಹಿರಿಯರ ಕಡೆಗೆ ಇಡುವುದು ವಾಡಿಕೆ. ಚಿಕ್ಕಮ್ಮನ ಮಗ ಚಮಚದ ತುದಿಯಿಂದ ಮೀನಿನ ಕೆನ್ನೆಯ ಮಾಂಸವನ್ನು ಮೆಲ್ಲಗೆ ಎಬ್ಬಿಸಿದ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಅಷ್ಟೇ. ಅದನ್ನು ತಂದು ನನ್ನ ತಟ್ಟೆಗೆ ಹಾಕಿದ. ಇಡೀ ಮೀನಿನಲ್ಲಿ ಎಲ್ಲಕ್ಕಿಂತ ಮೆತ್ತಗಿನ ಭಾಗ ಅದು, ಒಂದು ಮೀನಿಗೆ ಎರಡೇ ತುಂಡು. "ಅಕ್ಕ, ಇದು ನಿಂಗೆ" ಅಂದ. ನಾನು ತಿಂದೆ, ಅವನು ನೋಡುತ್ತಾ ಕೂತಿದ್ದ.

ನಿಮಗೂ ಯಾರಾದರೂ ಹಾಗೆ ತಮ್ಮ ಕೈಯಾರೆ ಏನಾದರೂ ಎತ್ತಿ ಹಾಕುತ್ತಾರೆ. ತಿನ್ನುವಂಥದ್ದಾದರೆ ಆಗಲೇ ತಿನ್ನಿ, ಹೇಗಿದೆ ಅಂತ ಹೇಳಿ. ಒಂದು ಕಡೆ ಮುಗಿದ ಮೇಲೆ ಮೀನನ್ನು ಮಗುಚಿ ಹಾಕಬೇಡಿ. ಸಮುದ್ರದ ಕಡೆಯ ಚೀನೀಯರು ಅದನ್ನು ದೋಣಿ ಮಗುಚಿದ ಅಪಶಕುನ ಅಂತಾರೆ. ನಡುವಿನ ಮೂಳೆಯನ್ನು ಎತ್ತಿ ಪಕ್ಕಕ್ಕಿಟ್ಟರೆ ಕೆಳಗಿನ ಭಾಗ ಸಿಗುತ್ತದೆ.

ಇನ್ನೊಂದು. ಈ ಜಾಗ ನಿಮಗೆ ಹೇಗೆ ಗೊತ್ತಾಯಿತು ಅಂತ ನಾದಿನಿಯನ್ನು ಕೇಳಿ. ಚಿಕ್ಕಮ್ಮನ ಆ ಮಗ ರಿಚ್ಮಂಡ್‌ಗೆ ಹೋದ ಮೊದಲ ಚಳಿಗಾಲದಲ್ಲಿ ಕೆಲಸ ಮುಗಿಸಿ ಬರುವಾಗ ತಡರಾತ್ರಿ ತೆರೆದಿರುತ್ತಿದ್ದದ್ದು ಒಂದು ಸಣ್ಣ ಚೈನೀಸ್ ಅಂಗಡಿಯಂತೆ. ದೊಡ್ಡ ಬೋಗುಣಿಯಲ್ಲಿ ಬಿಸಿ ಸೂಪ್ ನೂಡಲ್ಸ್ ಕೊಡುತ್ತಿದ್ದರಂತೆ. ಅಲ್ಲಿಂದ ಶುರುವಾದ ಇಷ್ಟ ಅದು. ಈ ಸಂಗತಿ ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಮೇಜಿನಲ್ಲಿ ಕೇಳಿದ್ದಕ್ಕೆ ಗೊತ್ತಾಯಿತು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನನ್ನ ಅಣ್ಣನ ಮನೆಯವರು ಎಲ್ಲ ತಿನ್ನುತ್ತಾರೆ. "ತರಕಾರಿದೂ ಬೇಕಾದಷ್ಟಿದೆ ಬಾ" ಅಂತಿದ್ದಾನೆ ಅಣ್ಣ. ನಂಬಬಹುದಾ?

ಅಣ್ಣನನ್ನು ನಂಬಿ, ಮೆನುವಿನಲ್ಲಿರುವ ಹೆಸರನ್ನು ಮಾತ್ರ ನಂಬಬೇಡಿ.

ಉದಾಹರಣೆಗೆ ಮಾಪೊ ತೋಫು. ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡೂ ನಗರದ ಹೆಸರಾಂತ ಅಡುಗೆ. ತೋಫು ಅಂತ ಹೆಸರಿದ್ದರೂ ಕೊಚ್ಚಿದ ಮಾಂಸ ಹಾಕುವುದು ಅದರ ಮೂಲ ಕ್ರಮ. ಒಣ ಹುರಿದ ಬೀನ್ಸ್‌ನಲ್ಲೂ ಎಷ್ಟೋ ಕಡೆ ಕೊಚ್ಚಿದ ಹಂದಿಮಾಂಸ ಇರುತ್ತದೆ. ಇದಕ್ಕೆ ತಿರುಗಾಮುರುಗ ಇನ್ನೊಂದು: ಸಿಚುವಾನ್ ಮೆನುವಿನಲ್ಲಿ "ಮೀನಿನ ಪರಿಮಳದ ಬದನೆಕಾಯಿ" ಅಂತ ಇರುತ್ತದೆ. ಅದರಲ್ಲಿ ಮೀನು ಇರುವುದೇ ಇಲ್ಲ. ಮೀನಿನ ಅಡುಗೆಗೆ ಹಾಕುವ ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ, ವಿನೆಗರ್ ಮಸಾಲೆಯಿಂದ ಆ ಹೆಸರು. ಕೊಚ್ಚಿದ ಮಾಂಸ ಬೇಡ ಅಂತ ಹೇಳಿದರೆ ಅದು ನಿಮಗೆ ಆಗುತ್ತದೆ, ತುಂಬ ರುಚಿಯೂ ಹೌದು.

ಕಣ್ಣಿಗೆ ಕಾಣದ್ದು ಮೂರು. ಸೊಪ್ಪಿನ ಮೇಲೆ ಹೊಳೆಯುವ ಕಂದು ಸಾಸ್ ಆಯಿಸ್ಟರ್ ಸಾಸ್ ಆಗಿರಬಹುದು, ಅದು ಸಿಂಪಿಯಿಂದ ಮಾಡಿದ್ದು. ತರಕಾರಿ ಸೂಪಿನ ನೀರು ಕೋಳಿಯದೋ ಹಂದಿಯದೋ ಆಗಿರಬಹುದು. ಫ್ರೈಡ್ ರೈಸ್‌ನಲ್ಲಿ ಮೊಟ್ಟೆ ಹೇಳದೆಯೇ ಬರುತ್ತದೆ. "ವೆಜಿಟೇರಿಯನ್" ಅಂತ ಒಂದು ಪದ ಹೇಳಿ ಸುಮ್ಮನಾದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಆಯಿಸ್ಟರ್ ಸಾಸ್ ಬೇಡ, ಮಾಂಸದ ಸೂಪಿನ ನೀರು ಬೇಡ ಅಂತ ಒಂದೊಂದಾಗಿ ಹೇಳಬೇಕು. ಅಣ್ಣ ಒಂದು ದಿನ ಮುಂಚೆ ಫೋನ್ ಮಾಡಿ ಹೇಳಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ತುಂಬಿ ತುಳುಕುವ ಶನಿವಾರ ಸಂಜೆ ಅಡುಗೆಮನೆಗೆ ಪುರುಸೊತ್ತು ಇರುವುದಿಲ್ಲ.

ಮಾಂಸ ಮಾಡಿದ ಬಾಣಲೆಯಲ್ಲೇ ನಮ್ಮದನ್ನೂ ಮಾಡುವುದು ಬೇಡ ಅನ್ನುವವರು ನೀವಾದರೆ ಅದನ್ನು ಮುಚ್ಚಿಟ್ಟುಕೊಂಡು ಹೋಗಬೇಡಿ. ಬೌದ್ಧ ಸಸ್ಯಾಹಾರಿ ಚೈನೀಸ್ ರೆಸ್ಟೋರೆಂಟುಗಳು ದೊಡ್ಡ ಊರುಗಳಲ್ಲಿ ಇರುತ್ತವೆ. ಅವುಗಳಲ್ಲಿ ಶಾಸ್ತ್ರೋಕ್ತವಾಗಿ ನಡೆಸುವ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಅಣಬೆ, ತೋಫು ಹಾಳೆ, ಗೋಧಿಯ ಅಂಟಿನಿಂದ ಮಾಡಿದ "ಬಾತುಕೋಳಿ"ಯನ್ನು ಅಲ್ಲಿ ತಿಂದು ನೋಡಬೇಕು. ಅಷ್ಟು ಕಲೆ ಇದೆ ಅದರಲ್ಲಿ. ಬುದ್ಧನ ಶಿಷ್ಯರಾದ ಹದಿನೆಂಟು ಅರ್ಹತರ ಲೆಕ್ಕದಲ್ಲಿ ಹದಿನೆಂಟು ಬಗೆ ಹಾಕಿ ಮಾಡುವ "ಬುದ್ಧಾಸ್ ಡಿಲೈಟ್" ಅನ್ನುವ ತರಕಾರಿ ಅಡುಗೆಯೂ ಇದೆ. ಅಂಥ ಜಾಗದ ಹೆಸರು ಹೇಳಿದರೆ ಅಣ್ಣನಿಗೆ ಬೇಸರವಾಗುವುದಿಲ್ಲ. ಅವನಿಗೂ ಒಂದು ಹೊಸ ಜಾಗ ಸಿಕ್ಕ ಹಾಗಾಯಿತು, ಅಲ್ವಾ?

ಸಿಚುವಾನ್ ಅಡುಗೆ ತರಿಸಿದರೆ ತುಟಿ ಜುಮ್ಮೆಂದು ಮರಗಟ್ಟಿದ ಹಾಗಾದೀತು, ಹೆದರಬೇಡಿ. ಅದು ಸಿಚುವಾನ್ ಮೆಣಸಿನ ಗುಣ. ಹೆಸರಿಗೆ ಮೆಣಸು, ಕುಲದಲ್ಲಿ ನಿಂಬೆ ಕಿತ್ತಳೆಗಳ ನೆಂಟ. ನಿಂಬೆ ಜಾತಿಯ ಗಿಡಗಳಿಗೆ ರೋಗ ತಂದೀತು ಅನ್ನುವ ಭಯಕ್ಕೆ ಅಮೆರಿಕ 1968ರಿಂದ 2005ರವರೆಗೆ ಅದರ ಆಮದನ್ನೇ ನಿಷೇಧಿಸಿತ್ತು.

ಪ್ರಶ್ನೆ: ಚೈನೀಸ್ ಊಟದಲ್ಲಿ ಅಜಿನೊಮೊಟೊ ಹಾಕುತ್ತಾರೆ, ತಲೆನೋವು ಬರುತ್ತದೆ ಅಂತ ನಮ್ಮ ಅತ್ತೆ ಬರಲು ಒಪ್ಪುತ್ತಿಲ್ಲ. ಏನು ಹೇಳಲಿ?

ಅತ್ತೆಯ ಭಯ ಎಲ್ಲಿಂದ ಬಂತು ಅಂತ ಹೇಳುತ್ತೇನೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಅನ್ನುವ ರಸಾಯನಶಾಸ್ತ್ರಜ್ಞರು ಕಡಲಪಾಚಿಯ ಸಾರಿನಿಂದ ಈ ರುಚಿಯ ವಸ್ತುವನ್ನು ಬೇರ್ಪಡಿಸಿದರು. ಅರವತ್ತು ವರ್ಷ ಯಾರೂ ಅದನ್ನು ಇಷ್ಟು ದೂರಲಿಲ್ಲ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಒಬ್ಬ ಡಾಕ್ಟರ್ ಪತ್ರ ಬರೆದರು. ಚೈನೀಸ್ ಊಟದ ನಂತರ ಕತ್ತಿನ ಹಿಂಭಾಗ ಮರಗಟ್ಟುತ್ತದೆ, ಕಾರಣ ಸೋಯಾ ಸಾಸೋ, ಅಡುಗೆಗೆ ಹಾಕುವ ವೈನೋ, ಉಪ್ಪೋ, ಎಂಎಸ್‌ಜಿಯೋ (ನಾವು ಅಜಿನೊಮೊಟೊ ಅನ್ನುವುದು ಇದನ್ನೇ) ಅಂತ ಕೇಳಿದ್ದರು. ಅವರು ಕೇಳಿದ್ದು ಪ್ರಶ್ನೆ. ಪತ್ರಿಕೆಗಳು ಅದರಲ್ಲಿ ಎಂಎಸ್‌ಜಿಯನ್ನು ಹಿಡಿದುಕೊಂಡವು, ಒಂದು ಜನಾಂಗದ ಊಟಕ್ಕೇ ಕಾಯಿಲೆಯ ಹೆಸರು ಅಂಟಿತು. ಇದು ಅನ್ಯಾಯ ಅಂತಲೇ ನನಗನ್ನಿಸುತ್ತದೆ. ಟೊಮೆಟೊದಲ್ಲಿ, ಹಳೆಯ ಚೀಸ್‌ನಲ್ಲಿ ಇರುವುದೂ ಎಂಎಸ್‌ಜಿಗೆ ಆ ರುಚಿ ಕೊಡುವ ಗ್ಲುಟಮೇಟೇ.

ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಂಎಸ್‌ಜಿಯನ್ನು ಉಪ್ಪು, ಬೇಕಿಂಗ್ ಪೌಡರ್ ಜೊತೆ ಸುರಕ್ಷಿತ ಪದಾರ್ಥಗಳ ಪಟ್ಟಿಯಲ್ಲೇ ಇಟ್ಟಿದೆ. ಬರಿಹೊಟ್ಟೆಯಲ್ಲಿ 3 ಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವಿನಂಥದ್ದು ಆಗಬಹುದು. ಒಬ್ಬರಿಗೆ ಒಂದು ಸಲ ಬಡಿಸುವಷ್ಟರಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಗ್ರಾಮಿಗೂ ಕಡಿಮೆ. ಅತ್ತೆಯ ಜೊತೆ ವಾದ ಮಾಡಬೇಡಿ. "ಹಾಕಬೇಡಿ" ಅಂತ ಹೇಳಿದರೆ ಎಷ್ಟೋ ಕಡೆ ಹಾಕುವುದಿಲ್ಲ ಅಂತ ತಿಳಿಸಿ, ಸೂಪ್, ಆವಿಯಲ್ಲಿ ಬೇಯಿಸಿದ ತೋಫು, ಬಿಳಿ ಅನ್ನ ತರಿಸಿ. ಬಿಪಿ ಇದ್ದರೆ ನೋಡಬೇಕಾದ್ದು ಸೋಯಾ ಸಾಸಿನ ಉಪ್ಪನ್ನು. ಮನೆಯಲ್ಲಿ ಯಾರಿಗಾದರೂ ಕಡಲೆಕಾಯಿ, ಸೀಗಡಿ, ಎಳ್ಳು ಅಲರ್ಜಿ ಇದ್ದರೆ ಅದು ಇದೆಲ್ಲಕ್ಕಿಂತ ದೊಡ್ಡ ವಿಷಯ. ಕೂತ ತಕ್ಷಣ ಹೇಳಬೇಕು.

ಪ್ರಶ್ನೆ: ಹೋದ ಕಡೆಯೆಲ್ಲ ಭಾವನೇ ದುಡ್ಡು ಕೊಡುತ್ತಾರೆ. ಈ ಊಟದ ಬಿಲ್ಲಾದರೂ ನಾವು ಕೊಡಬೇಕು ಅಂತಿದೆ. ಹೇಗೆ?

ಇದನ್ನು ಕೊಡಬೇಡಿ. ಕರೆದವರು ಅವರು, ಜಾಗ ಅವರದು, ಮನೆಯವರೆಲ್ಲ ಸೇರಿರುತ್ತಾರೆ. ಎಲ್ಲರ ಮುಂದೆ ಬಿಲ್ಲಿಗಾಗಿ ಕಿತ್ತಾಡಿದರೆ, ಬಾತ್‌ರೂಮಿಗೆ ಹೋಗುವ ನೆಪದಲ್ಲಿ ಕೌಂಟರಿನಲ್ಲಿ ಕಾರ್ಡ್ ಕೊಟ್ಟು ಬಂದರೆ, ಭಾವನವರಿಗೆ ನೋವಾಗಬಹುದು. ಪಕ್ಕದ ಮೇಜಿನ ಚೀನೀ ಕುಟುಂಬಗಳಲ್ಲೂ ಬಿಲ್ಲಿನ ಜಗಳ ಜೋರಾಗಿಯೇ ನಡೆಯುತ್ತದೆ. ಆದರೆ ಕೊನೆಗೆ ಕರೆದವರೇ ಗೆಲ್ಲುವುದು.

ನೀವು ಬೇರೆ ದಿನ ಕರೆಯಿರಿ. ಡಿಮ್ ಸಮ್ ಇದಕ್ಕೆ ಹೇಳಿ ಮಾಡಿಸಿದ್ದು. ಅದು ಬೆಳಗಿನಿಂದ ಮಧ್ಯಾಹ್ನದವರೆಗಿನ ತಿಂಡಿ, ಚಹಾ ಜೊತೆಗೆ. ಬಿದಿರಿನ ಸಣ್ಣ ಬುಟ್ಟಿಗಳಲ್ಲಿ ಆವಿಯಲ್ಲಿ ಬೆಂದದ್ದು ಮೂರು ನಾಲ್ಕು ತುಂಡು ಬರುತ್ತದೆ. ಕೆಲವೆಡೆ ಇನ್ನೂ ತಳ್ಳುಗಾಡಿಯಲ್ಲಿ ತರುತ್ತಾರೆ, ಮುಚ್ಚಳ ಎತ್ತಿ ನೋಡಿ ಬೇಕಾದ್ದು ತೆಗೆದುಕೊಳ್ಳಬಹುದು. "ಭಾನುವಾರ ಬೆಳಿಗ್ಗೆ ನಮ್ಮದು" ಅಂತ ಮೊದಲೇ ಹೇಳಿಟ್ಟರೆ ಅಲ್ಲಿ ನೀವೇ ಯಜಮಾನರು. ಬಿಲ್ಲಿನಲ್ಲಿ ಟಿಪ್ ಸೇರಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ದೊಡ್ಡ ಮೇಜಾದರೆ ಅಮೆರಿಕದಲ್ಲಿ ಎಷ್ಟೋ ಕಡೆ ಮೊದಲೇ ಸೇರಿಸಿರುತ್ತಾರೆ.

ಪ್ರಶ್ನೆ: ಮಗನಿಗೆ ಏಳು ವರ್ಷ. ಚಾಪ್‌ಸ್ಟಿಕ್ ಹಿಡಿಯಲು ಬರುವುದಿಲ್ಲ, ನನಗೂ ಬರುವುದಿಲ್ಲ.

ಫೋರ್ಕ್, ಚಮಚ ಕೇಳಿ, ಕೊಡುತ್ತಾರೆ. ಅದರಲ್ಲಿ ಕಡಿಮೆಯದೇನೂ ಇಲ್ಲ. ಕಲಿಯಬೇಕು ಅಂತಿದ್ದರೆ ಕೆಳಗಿನ ಕಡ್ಡಿ ಅಲ್ಲಾಡಬಾರದು, ಮೇಲಿನದು ಮಾತ್ರ ಪೆನ್ಸಿಲಿನಂತೆ ಆಡಬೇಕು. ಇಷ್ಟು ಗೊತ್ತಾದರೆ ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು ಅಂತ ಮಾತ್ರ ಮಗನಿಗೆ ಹೇಳಿಕೊಡಿ. ಸತ್ತವರಿಗೆ ಊದುಬತ್ತಿ ಹಚ್ಚಿಟ್ಟ ಹಾಗೆ ಕಾಣುತ್ತದೆ ಅದು.

ಪ್ರಶ್ನೆ: ಅಕ್ಕನ ಮನೆಯವರು ಅಮೆರಿಕದಲ್ಲಿ ನಮ್ಮನ್ನು ಚೈನೀಸ್ ಊಟಕ್ಕೆ ಕರೆದುಕೊಂಡು ಹೋದರು. ಜನರಲ್ ಸೋ ಚಿಕನ್, ಕೊನೆಗೆ ಒಳಗೆ ಭವಿಷ್ಯದ ಚೀಟಿ ಇರುವ ಫಾರ್ಚೂನ್ ಕುಕ್ಕಿ. ತುಂಬ ಚೆನ್ನಾಗಿತ್ತು. ವಾಪಸ್ ಬಂದ ಮೇಲೆ ಸ್ನೇಹಿತರೊಬ್ಬರು "ಅದು ನಿಜವಾದ ಚೈನೀಸ್ ಅಲ್ಲ" ಅಂದರು. ಮನಸ್ಸಿಗೆ ಪಿಚ್ಚೆನಿಸಿತು.

ನಿಮ್ಮ ಸ್ನೇಹಿತರ ಮಾತನ್ನು ನಾನು ಒಪ್ಪುವುದಿಲ್ಲ.

ಜನರಲ್ ಸೋ ಅಂದರೆ 19ನೇ ಶತಮಾನದ, ಚೀನಾದ ಹುನಾನ್ ಪ್ರಾಂತ್ಯದ ಸೇನಾನಿ ಜೋ ಜೊಂಗ್‌ತಾಂಗ್. ಅವರು ಈ ಕೋಳಿಯನ್ನು ತಿಂದವರಲ್ಲ, ನಿಜ. ಇದನ್ನು ಮಾಡಿದ್ದು ಹುನಾನ್ ಮೂಲದ ಬಾಣಸಿಗ ಪೆಂಗ್ ಚಾಂಗ್-ಕ್ವೇ. ಚೀನಾದ ಅಂತರ್ಯುದ್ಧದ ನಂತರ ತೈವಾನ್‌ಗೆ ಹೋದವರು, ಅಲ್ಲಿ 1950ರ ದಶಕದಲ್ಲಿ ಮಾಡಿದರು. ಅವರದು ಖಾರ, ಹುಳಿ, ಉಪ್ಪಿನದು. 1970ರ ದಶಕದಲ್ಲಿ ನ್ಯೂಯಾರ್ಕ್‌ಗೆ ಬಂದ ಮೇಲೆ ಅದಕ್ಕೆ ಸಿಹಿ ಸೇರಿತು. ಫಾರ್ಚೂನ್ ಕುಕ್ಕಿಯ ಬೇರು ಇನ್ನೂ ದೂರದ್ದು, ಜಪಾನಿನ ಕ್ಯೋಟೊ ಕಡೆಯದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮೊದಲು ಮಾಡುತ್ತಿದ್ದವರು ಜಪಾನೀಯರು. ಎರಡನೇ ಮಹಾಯುದ್ಧದಲ್ಲಿ ಅವರನ್ನೆಲ್ಲ ಶಿಬಿರಗಳಿಗೆ ತಳ್ಳಿದಾಗ ಅವರ ಬೇಕರಿಗಳು ಮುಚ್ಚಿದವು, ಚೀನೀಯರು ಕುಕ್ಕಿ ಮಾಡತೊಡಗಿದರು.

ಇದರ ಹಿಂದಿನ ಬದುಕನ್ನೂ ನೋಡಿ. 1849ರ ಚಿನ್ನದ ಹುಚ್ಚಿನ ಕಾಲದಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದ ಜನ ಕ್ಯಾಲಿಫೋರ್ನಿಯಾಕ್ಕೆ ಬಂದರು. ಹಳೆಯ ಚೈನಾಟೌನ್‌ಗಳಲ್ಲಿ ಕ್ಯಾಂಟನೀಸ್ ಅಡುಗೆಯೇ ಜಾಸ್ತಿ ಇದ್ದದ್ದು ಅದಕ್ಕೇ. 1882ರಲ್ಲಿ ಚೀನೀ ಕೂಲಿಕಾರರು ಬರಬಾರದು ಅಂತ ಅಮೆರಿಕ ಕಾನೂನು ಮಾಡಿತು. ವ್ಯಾಪಾರಿಗಳಿಗೆ ಮಾತ್ರ ಬಿಡುವು ಇತ್ತು. 1915ರಲ್ಲಿ ಒಂದು ಕೋರ್ಟು ತೀರ್ಪು ರೆಸ್ಟೋರೆಂಟ್ ಮಾಲೀಕರನ್ನೂ ವ್ಯಾಪಾರಿಗಳು ಅಂತ ಒಪ್ಪಿತು. ರೆಸ್ಟೋರೆಂಟ್ ಇದ್ದರೆ ಊರಿಗೆ ಹೋಗಿ ಬರಬಹುದು, ಬಂಧುಗಳನ್ನು ಕರೆಸಿಕೊಳ್ಳಬಹುದು. ಆಮೇಲೆ ಊರೂರಲ್ಲಿ ಚೈನೀಸ್ ರೆಸ್ಟೋರೆಂಟುಗಳು ಎದ್ದವು. ಅವರಿಗೆ ಸಿಕ್ಕ ತರಕಾರಿ, ಬಂದ ಗಿರಾಕಿಯ ನಾಲಿಗೆ, ಇವಕ್ಕೆ ತಕ್ಕ ಹಾಗೆ ಅಡುಗೆ ಬದಲಾಯಿತು. ಪೆರು ದೇಶದಲ್ಲಿ ಚೀನೀ ಹೋಟೆಲಿಗೆ ಚೀಫಾ ಅಂತಾರೆ, ಅಲ್ಲಿನ ರುಚಿ ಬೇರೆ. ಕೆನಡಾದ ಕ್ಯಾಲ್ಗರಿಯಲ್ಲಿ 1970ರ ದಶಕದಲ್ಲಿ ಹುಟ್ಟಿದ ಜಿಂಜರ್ ಬೀಫ್ ಮತ್ತೊಂದು ರುಚಿ. ಇವೆಲ್ಲ ಚೀನೀಯರೇ ದುಡಿದು, ಬಂಧುಗಳನ್ನು ಸಾಕಿ, ಕಟ್ಟಿದ ಅಡುಗೆ. ಸುಳ್ಳು ಅನ್ನುವುದಕ್ಕೆ ಅದರಲ್ಲಿ ಏನೂ ಇಲ್ಲ. ಅಕ್ಕನಿಗೆ ಫೋನ್ ಮಾಡಿದಾಗ ಊಟ ಎಷ್ಟು ಚೆನ್ನಾಗಿತ್ತು ಅಂತ ಇನ್ನೊಂದು ಸಲ ಹೇಳಿ.

ಪ್ರಶ್ನೆ: ಮೇಜಿನ ಮೇಲೆ ತುಂಬ ಮಿಕ್ಕಿದರೆ ಕಟ್ಟಿಸಿಕೊಂಡು ಬರಬಹುದಾ? ನೆಂಟರಿಗೆ ಮುಜುಗರವಾದರೆ?

ಧಾರಾಳವಾಗಿ ಕಟ್ಟಿಸಿಕೊಳ್ಳಿ, ಅಲ್ಲಿ ಎಲ್ಲರೂ ಮಾಡುವುದೇ ಅದು. ಅಮೆರಿಕದಲ್ಲಿ ಮಡಚಿದ ಬಿಳಿ ಕಾಗದದ ಡಬ್ಬಿಯಲ್ಲಿ ಹಾಕಿಕೊಡಬಹುದು. 1894ರಲ್ಲಿ ಷಿಕಾಗೊದಲ್ಲಿ ಪೇಟೆಂಟ್ ಆದ ಡಬ್ಬಿ ಅದು. ಅದಕ್ಕೆ ತಂತಿಯ ಹಿಡಿ ಇದ್ದರೆ ಹಾಗೇ ಮೈಕ್ರೋವೇವ್‌ಗೆ ಇಡಬೇಡಿ. ಫ್ರೈಡ್ ರೈಸನ್ನು ರಾತ್ರಿಯೆಲ್ಲ ಹೊರಗೆ ಬಿಡಬೇಡಿ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮನೆಗೆ ಬಂದ ಕೂಡಲೇ ಫ್ರಿಜ್ಜಿಗೆ ಇಡಿ, ಮಾರನೆಯ ದಿನ ಚೆನ್ನಾಗಿ ಬಿಸಿ ಮಾಡಿ ತಿನ್ನಿ. ಗರಿಗರಿ ಕರಿದದ್ದು ಡಬ್ಬಿಯಲ್ಲಿ ಮೆತ್ತಗಾಗುತ್ತದೆ, ಅದನ್ನು ಮೇಜಿನಲ್ಲೇ ಮುಗಿಸಿ. ಬದನೆಕಾಯಿ, ತೋಫು, ಅಣಬೆ ಮಾರನೆಯ ದಿನಕ್ಕೆ ಇನ್ನೂ ರುಚಿ.